ಅಟ್ಟದ ಮೇಲಿನ ಹಗ್ಗ

(ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಏಪ್ರಿಲ್ ತಿಂಗಳ ಒಂದು ಸಂಜೆ ತುಮಕೂರಿನ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಸುಧಾ ಅವರನ್ನು ಗಂಡನೇ ಕರೆದುಕೊಂಡು ಬಂದರು. ಮಾತು ಶುರು ಮಾಡಿದ್ದೂ ಅವರೇ. "ಇವಳ ತಾತ ತೀರಿಕೊಂಡು ಐದು ತಿಂಗಳಾಯ್ತು ಮೇಡಂ. ಎಂಬತ್ತಮೂರು ವರ್ಷ ಬಾಳಿದ ಜೀವ. ಹೆತ್ತ ಅಪ್ಪ ಅಮ್ಮ ಹೋದ್ರೂ ಯಾರೂ ಇಷ್ಟು ದಿನ ಅಳಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ, ದಿಕ್ಕು ತೋಚದ ಆಯಾಸವಿತ್ತು. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದು ಕೇಳಿಕೊಂಡೆ.

ಸುಧಾಗೆ ಮೂವತ್ತಾರು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಎಂಟು ವರ್ಷದ ಮಗಳಿದ್ದಾಳೆ. ಅಪ್ಪ ಹೋದಾಗ ಸುಧಾಗೆ ನಾಲ್ಕೇ ವರ್ಷ. ಮಧುಗಿರಿ ಕಡೆಯ ಹಳ್ಳಿಯಲ್ಲಿ ತಾತನ ಮನೆಯಲ್ಲೇ ಬೆಳೆದವರು. ಶಾಲೆಗೆ ಸೇರಿಸಿದ್ದು, ಸೈಕಲ್ ಕೊಡಿಸಿದ್ದು, ಧಾರೆ ಎರೆದು ಕೊಟ್ಟದ್ದು ಎಲ್ಲವೂ ತಾತನೇ. "ಅಪ್ಪ ಹೋದ್ರೂ ಇಷ್ಟು ಅಳಲ್ಲ" ಎಂಬ ಮಾತು ಅವರಿಗೆ ಎಲ್ಲಿ ತಾಗುತ್ತಿತ್ತು ಎಂದು ಆಗ ಗೊತ್ತಾಯಿತು. ಅವರಿಗೆ ಅಪ್ಪ ಹೋದದ್ದು ಈ ಕಾರ್ತಿಕದಲ್ಲಿ.

ಬೆಳಿಗ್ಗೆ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಅದು ತಾತ ಕೊಟ್ಟಿಗೆಗೆ ಹೋಗಿ ರಾಗಿಹುಲ್ಲು ಕೊಡವುತ್ತಿದ್ದ ಹೊತ್ತು. ಎದ್ದು ಬಚ್ಚಲಿಗೆ ಹೋಗಿ, ಅತ್ತೆಗೆ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ಊಟ ಸೇರುವುದಿಲ್ಲ. ಮಂಡಿಯ ಲೆಕ್ಕದಲ್ಲಿ ಎರಡು ಸಲ ತಪ್ಪಾಗಿದೆ. ಬದುಕು ಸಾಕು ಎನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಹಲವರು ಹೆದರುತ್ತಾರೆ, ಹಾಗಾಗುವುದಿಲ್ಲ. "ಮಗಳಿದ್ದಾಳೆ ಮೇಡಂ, ಆ ಯೋಚನೆ ಬಂದಿಲ್ಲ" ಎಂದರು. ಥೈರಾಯ್ಡ್ ಮತ್ತು ರಕ್ತ ಪರೀಕ್ಷೆಗೂ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ, 9ರ ಆಸುಪಾಸಿನಲ್ಲಿತ್ತು, ಅದಕ್ಕೆ ವೈದ್ಯರು ಮಾತ್ರೆ ಕೊಟ್ಟರು. ದುಃಖದಲ್ಲಿರುವವರ ಸುಸ್ತನ್ನೆಲ್ಲ ಮನಸ್ಸಿನ ತಲೆಗೇ ಕಟ್ಟಬಾರದು.

ಇದು ಕಾಯಿಲೆಯೇ ಎಂಬುದು ಗಂಡನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, 2022ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ, ದೀರ್ಘಕಾಲದ ಶೋಕಕ್ಕೆ ಪ್ರತ್ಯೇಕ ಹೆಸರೇ ಇದೆ. ಆದರೆ ಕನಿಷ್ಠ ಆರು ತಿಂಗಳಾಗಿರಬೇಕು, ನಿತ್ಯದ ಬದುಕು ಕೆಟ್ಟಿರಬೇಕು, ಆ ಸಮುದಾಯದ ರೂಢಿಯನ್ನೂ ಮೀರಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರ ವಿಷಯದಲ್ಲಿ ಒಂದು ವರ್ಷ ಕಾಯುತ್ತದೆ. ಸುಧಾಗೆ ಐದು ತಿಂಗಳು. ನಾನು ಯಾವ ಹೆಸರನ್ನೂ ಅಂಟಿಸಲಿಲ್ಲ. ಆದರೆ ಅಳುವಿನ ಜೊತೆಗೆ ಇನ್ನೇನೋ ಚುಚ್ಚುತ್ತಿದೆ ಎನಿಸುತ್ತಿತ್ತು.

ಚುಚ್ಚುತ್ತಿದ್ದದ್ದು ಎರಡು. ತಾತ ಹೋಗುವ ಮೂರು ದಿನ ಮುಂಚೆ ಫೋನ್ ಮಾಡಿದ್ದರು. ಮಂಡಿಯಲ್ಲಿ ಜನ ಇದ್ದರು. "ನಾಳೆ ಮಾಡ್ತೀನಿ ತಾತ" ಎಂದು ಇಟ್ಟುಬಿಟ್ಟರು, ಮಾಡಲಿಲ್ಲ. ಎರಡನೆಯದು ಎತ್ತು. ತಾತನ ಕೊನೆಯ ಹಳ್ಳಿಕಾರ್ ಜೋಡಿಯನ್ನು ಚಿಕ್ಕಪ್ಪ ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ಮಾರಿದ್ದರು. ಸುಧಾಗೆ ತಿಳಿದದ್ದು ಆಮೇಲೆ, ಅದೂ ಊರಿನವರ ಬಾಯಿಂದ. ಅಂದಿನಿಂದ ಚಿಕ್ಕಪ್ಪನ ಜೊತೆ ಮಾತಿಲ್ಲ, ಊರಿಗೂ ಹೋಗಿಲ್ಲ. ಹಾಗಾಗಿ ಅಜ್ಜಿಯನ್ನೂ ನೋಡಿಲ್ಲ.

ಇಲ್ಲಿ ನಾನು ಅವಸರ ಮಾಡಿದೆ. ಭಾನುವಾರ ಊರಿಗೆ ಹೋಗಿ ಬನ್ನಿ, ಮನಸ್ಸು ಹಗುರಾಗುತ್ತದೆ ಎಂದೆ. ಹೋದರು. ಖಾಲಿ ಕೊಟ್ಟಿಗೆ ನೋಡಿ, ಅಜ್ಜಿಯ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಮುಂದಿನ ಬಸ್ಸಿಗೇ ತಿರುಗಿ ಬಂದರು. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ಜಾಗಕ್ಕೆ ಕಳಿಸುವ ಮೊದಲು ಆ ಮನುಷ್ಯನ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಅವರ ಸಾವಿನ ಬಗ್ಗೆ ಮಾತ್ರ ಕೇಳಿದ್ದೆ.

ಮೂರನೆಯ ಭೇಟಿಯಲ್ಲಿ ತಾತನ ಕೆಲಸದ ಬಗ್ಗೆ ಕೇಳಿದೆ. "ದನ ನೋಡ್ಕೊಳ್ತಿದ್ರು, ಅಷ್ಟೇ" ಎಂದು ಸುಮ್ಮನಾದರು. ಹೇಗೆ ಕಟ್ಟುತ್ತಿದ್ದರು ಎಂದೆ. ಸ್ವಲ್ಪ ಯೋಚಿಸಿ, ಕಿಟಕಿಯ ಪರದೆಯ ದಾರವನ್ನು ಬಿಚ್ಚಿಕೊಂಡು ಕುರ್ಚಿಯ ಕಾಲಿಗೆ ಸುತ್ತಿದರು. ಒಂದು ಸುತ್ತು, ಆಮೇಲೆ ದಾರದ ತುದಿಯನ್ನು ಪೂರ್ತಿ ತೂರಿಸದೆ ಮಡಿಕೆ ಮಾಡಿ ಒಳಗೆ ತಳ್ಳಿದರು. ನನ್ನನ್ನು ಎಳೆಯಲು ಹೇಳಿದರು. ಎಳೆದಷ್ಟೂ ಬಿಗಿಯಾಯಿತು. ಅವರು ತುದಿ ಹಿಡಿದು ಒಮ್ಮೆ ಜಗ್ಗಿದರು, ಗಂಟು ಇರಲೇ ಇಲ್ಲವೆಂಬಂತೆ ಬಿಚ್ಚಿಕೊಂಡಿತು. "ಎತ್ತು ಎಳೆದ್ರೆ ಬಿಚ್ಕೋಬಾರ್ದು ಮಗ, ಕೊಟ್ಟಿಗೆಗೆ ಬೆಂಕಿ ಬಿದ್ರೆ ನಾವು ಒಂದೇ ಎಳೆತಕ್ಕೆ ಬಿಚ್ಚಂಗಿರ್ಬೇಕು, ಅನ್ನೋರು."

ಆಮೇಲೆ ನಲವತ್ತು ನಿಮಿಷ ಅವರೇ ಮಾತಾಡಿದರು. ತಾತ ಇನ್ನೂ ಹಲ್ಲು ಹಾಕದ, ಅಂದರೆ ಹಾಲುಹಲ್ಲು ಬಿದ್ದಿರದ ಹೋರಿಗರು ತರುತ್ತಿದ್ದರಂತೆ. ಬಣ್ಣ, ಎತ್ತರ, ಕೊಂಬಿನ ತಿರುವು ಒಂದಕ್ಕೊಂದು ಹೊಂದುವ ಜೋಡಿ ಸಿಗಲು ಮೂರು ಊರು ಸುತ್ತುತ್ತಿದ್ದರು. ಬೇಯಿಸಿದ ಹುರುಳಿ ತಿನ್ನಿಸಿ, ಮೈ ಉಜ್ಜಿ, ಗಾಡಿಗೆ ಪಳಗಿಸಿ, ನೊಗದ ಎಡಗೋಲಿಗೆ ಯಾವುದು ಬಲಗೋಲಿಗೆ ಯಾವುದು ಎಂದು ಗೊತ್ತು ಮಾಡುತ್ತಿದ್ದರು. ನಾಲ್ಕು ಹಲ್ಲಾಗುವ ಹೊತ್ತಿಗೆ ಜಾತ್ರೆಗೆ ಹೊಡೆದುಕೊಂಡು ಹೋಗುವುದು. ಅಲ್ಲಿ ಟವಲಿನ ಕೆಳಗೆ ಬೆರಳು ಹಿಡಿದೇ ಬೆಲೆ ಹೇಳುವ ವ್ಯಾಪಾರ. ಪುಟ್ಟ ಸುಧಾ ಟವಲಿನ ಒಳಗೆ ಕೈಹಾಕಿ ಎಷ್ಟು ಬೆರಳು ಎಂದು ನೋಡಲು ಹೋಗಿ ಬೈಸಿಕೊಂಡಿದ್ದಳಂತೆ. ಅದನ್ನು ಹೇಳುವಾಗ ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು.

"ಮಾರಿ ಬಂದ ರಾತ್ರಿ ತಾತ ಉಣ್ತಿರ್ಲಿಲ್ಲ. ಖಾಲಿ ಗೋದಲಿ ಪಕ್ಕ ಬೀಡಿ ಹಚ್ಕೊಂಡು ಕೂತಿರೋರು. ಎತ್ತು ಕೊಟ್ರೂ ಹಗ್ಗ ಕೊಡ್ತಿರ್ಲಿಲ್ಲ, ಹಗ್ಗ ನಮ್ಮನೇದು ಅನ್ನೋರು. ಆಮೇಲೆ ಒಂದು ತಿಂಗಳಲ್ಲಿ ಬೇರೆ ಜೋಡಿ..."

ಅಲ್ಲಿಗೆ ನಿಂತರು. "ಹಂಗಾದ್ರೆ ತಾತಾನೇ ಮಾರ್ತಿದ್ರಲ್ಲ ಮೇಡಂ."

ನಾನು ಏನೂ ಹೇಳಲಿಲ್ಲ. ಆ ಮಾತು ಅವರದೇ, ಅದಕ್ಕೆ ನಾನು ಬಾಲ ಸೇರಿಸುವ ಅಗತ್ಯವಿರಲಿಲ್ಲ.

ಫೋನಿನ ವಿಷಯಕ್ಕೆ ನಾನು ಕೊಟ್ಟ ಕೆಲಸ ಚಿಕ್ಕದು. ಆ ಒಂದು ಕರೆಯನ್ನು ಪಕ್ಕಕ್ಕಿಟ್ಟು, ಕೊನೆಯ ಒಂದು ತಿಂಗಳಲ್ಲಿ ತಾತನ ಜೊತೆ ಏನೇನು ಮಾತಾಡಿದ್ದಿರಿ ಎಂದು ನೆನಪಾದಷ್ಟು ಬರೆದು ತನ್ನಿ ಎಂದೆ. ಮಂಡಿಯ ಲೆಕ್ಕದ ಹಾಳೆಯಲ್ಲೇ ಬರೆದು ತಂದರು. ಹನ್ನೊಂದು ಕರೆ. ಮಳೆ ಬಂತಾ, ಮಗಳಿಗೆ ಜ್ವರ ಬಿಡ್ತಾ, ರಾಗಿ ಕೊಯ್ಲಿಗೆ ಆಳು ಸಿಕ್ಕಿಲ್ಲ. "ಹನ್ನೆರಡನೇದು ಮಾತ್ರ ಇಷ್ಟು ದಿನ ನನ್ನ ಕಿವೀಲಿತ್ತು" ಎಂದರು.

ಚಿಕ್ಕಪ್ಪನನ್ನು ಮಾತಾಡಿಸಿ ಎಂದೆ, ಒಂದು ಷರತ್ತಿನ ಮೇಲೆ. "ಯಾಕೆ ಮಾರಿದೆ" ಎಂದು ಕೇಳಬಾರದು. ಹಾಗೆ ಕೇಳಿಸಿಕೊಂಡವನು ಸಮರ್ಥನೆಗೆ ನಿಲ್ಲುತ್ತಾನೆ, ಇಲ್ಲ ಎದ್ದು ಹೋಗುತ್ತಾನೆ. "ತಾತ ಹೋದ ಮೇಲೆ ಮನೇಲಿ ಏನೇನಾಯ್ತು, ನಂಗೆ ಹೇಳು ಚಿಕ್ಕಪ್ಪ" ಎಂದು ಕೇಳಿ, ಮಧ್ಯೆ ಬಾಯಿ ಹಾಕಬೇಡಿ ಎಂದೆ. ನನ್ನ ಮುಂದೆ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡು ಹೋದರು.

ಅಲ್ಲಿ ಸುಧಾಗೆ ತಿಳಿದದ್ದು ಇಷ್ಟು. ತಾತ ಹೋದ ಮೇಲೆ ಎತ್ತುಗಳು ವಾರಗಟ್ಟಲೆ ರಾತ್ರಿ ಕೂಗುತ್ತಿದ್ದವಂತೆ. ಬಲಗೋಲಿನದು ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಜನವರಿಯಲ್ಲಿ ನೀರಿಗೆ ಬಿಡಲು ಹೋಗಿ ಅಜ್ಜಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಚಿಕ್ಕಪ್ಪ ಗಾರ್ಮೆಂಟ್ಸ್ ಬಸ್ಸು ಓಡಿಸುವವರು, ಬೆಳಗಿನ ಪಾಳಿ. ಮಾರು ಎಂದದ್ದು ಅಜ್ಜಿಯೇ. "ಅವು ನಿಮ್ ತಾತನ್ನ ಕರೀತಿದ್ವು ಕಣವ್ವ, ನಂಗೆ ಕೇಳಿಸ್ಕೊಳ್ಳಕ್ಕಾಗ್ಲಿಲ್ಲ." ಕೈ ಮುರಿದ ಸುದ್ದಿ, ಮಾರುವ ಸುದ್ದಿ ಎರಡನ್ನೂ ಸುಧಾಗೆ ಮುಚ್ಚಿಟ್ಟಿದ್ದರು, ಅವಳು ಮೊದಲೇ ನೊಂದಿದ್ದಾಳೆ ಎಂದು. ಹೀಗೆ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಅಜ್ಜಿ ಅಲ್ಲಿ ಒಬ್ಬರೇ ಅತ್ತರು, ಮೊಮ್ಮಗಳು ಇಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಚಿಕ್ಕಪ್ಪ ಅಟ್ಟ ಹತ್ತಿ ಒಂದು ಗೋಣಿಚೀಲ ಇಳಿಸಿದರಂತೆ. ಅದರಲ್ಲಿ ಜೋಡಿಯ ಹಗ್ಗ, ಮೂಗುದಾರ, ಕೊರಳ ಗೆಜ್ಜೆ. ಅವರೂ ಹಗ್ಗ ಕೊಟ್ಟಿರಲಿಲ್ಲ.

ಮನೆಯಲ್ಲೂ ಒಂದು ಸುಳ್ಳಿತ್ತು. ಎತ್ತು ಎಲ್ಲಿ ಎಂದು ಕೇಳಿದ ಮಗಳಿಗೆ "ಮೇಯಕ್ಕೆ ಹೋಗಿವೆ" ಎಂದು ಹೇಳಿಕೊಂಡು ಬಂದಿದ್ದರು. ಮಗು ಕೇಳುವುದನ್ನೇ ಬಿಟ್ಟಿತ್ತು. ಸತ್ಯವನ್ನೇ ಹೇಳಿ ಎಂದೆ. ಮುತ್ತಾತ ಸತ್ತಿದ್ದಾರೆ, ತಿರುಗಿ ಬರುವುದಿಲ್ಲ, ಎತ್ತುಗಳನ್ನು ಬೇರೆಯವರು ಸಾಕುತ್ತಿದ್ದಾರೆ, ಅಮ್ಮನಿಗೆ ದುಃಖವಾದಾಗ ಅಳು ಬರುತ್ತದೆ, ಅದು ನಿನ್ನಿಂದ ಅಲ್ಲ. ಎಂಟು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ. ಮಲಗಿದ್ದಾರೆ, ದೂರ ಹೋಗಿದ್ದಾರೆ ಎಂದರೆ ಅದು ಮಲಗಲು ಹೆದರುತ್ತದೆ, ಇಲ್ಲ ಕಾಯುತ್ತಾ ಕೂರುತ್ತದೆ.

ಗಂಡನಿಗೂ ಅತ್ತೆಗೂ ಒಂದೇ ಮಾತು ಹೇಳಿದೆ. "ಇನ್ನೆಷ್ಟು ದಿನ" ಎಂದು ಕೇಳಬೇಡಿ. ತಾತನ ಹೆಸರು ಬಂದಾಗ ಮಾತು ಬದಲಿಸಬೇಡಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿ ಹೋದಾಗ ತಾವೂ ಒಲೆಯ ಹೊಗೆಯ ನೆಪದಲ್ಲೇ ಅತ್ತಿದ್ದೆ ಎಂದರು.

ಇದನ್ನು ಓದುವವರಲ್ಲಿ ಯಾರಿಗಾದರೂ ನಿದ್ದೆ, ಊಟ, ಕೆಲಸ ತಿಂಗಳುಗಟ್ಟಲೆ ಕೆಟ್ಟಿದ್ದರೆ, ಸಾಯುವ ಯೋಚನೆ ಒಮ್ಮೆ ಬಂದಿದ್ದರೂ ಸರಿ, ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಸುಧಾಗೆ ಈಗಲೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ನಲ್ಲಿ ಬಿಡುವುದಿಲ್ಲ. ಟೀ ಮಾಡಿಕೊಂಡು ಮಹಡಿಗೆ ಹೋಗಿ ಅಜ್ಜಿಗೆ ಫೋನ್ ಮಾಡುತ್ತಾರೆ. ಅಜ್ಜಿಗೂ ಅದೇ ಹೊತ್ತಿಗೆ ಎಚ್ಚರವಾಗುತ್ತದಂತೆ. ಕೆಲವು ದಿನ ಇಬ್ಬರೂ ಅಳುತ್ತಾರೆ, ಕೆಲವು ದಿನ ಸಾರಿನ ವಿಷಯ ಮಾತ್ರ.

ಕಾರ್ತಿಕದಲ್ಲಿ ವರ್ಷದ ತಿಥಿ. ಆ ವಾರ ಸಂಕಟ ಮತ್ತೆ ಏರಬಹುದು, ಅದನ್ನು ಹಿಂದಕ್ಕೆ ಬಿದ್ದೆ ಎಂದುಕೊಳ್ಳಬೇಡಿ, ಮುಗಿದ ಮೇಲೆ ಒಮ್ಮೆ ಬನ್ನಿ ಎಂದಿದ್ದೇನೆ. ಮಗಳನ್ನೂ ಕರೆತರುತ್ತಾರಂತೆ. ಅವಳು ಗಂಟು ಕಲಿತಿದ್ದಾಳೆ, ನನ್ನ ಕುರ್ಚಿಗೆ ಹಾಕಿ ತೋರಿಸಬೇಕಂತೆ.