ಇಲಿ ಮಲಗಲಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ

ಲ್ಯಾಬಿನಲ್ಲಿ ಇಲಿಯ ನಿದ್ದೆ ರೆಕಾರ್ಡ್ ಮಾಡುವಾಗ ಅದು ಮಲಗಲಿ ಅಂತ ಮಳೆ ಸದ್ದು ಹಾಕಲೋ ವೈಟ್ ನಾಯ್ಸ್ (ಒಂದೇ ಸಮನೆ ಬರುವ ‘ಶ್’ ಸದ್ದು) ಹಾಕಲೋ ಅಂತ ಕೇಳಿದ್ದೀರಿ. ಪಿಎಚ್‌ಡಿ ಶುರುವಿನಲ್ಲಿ ನನ್ನದೂ ಇದೇ ತಲೆಬಿಸಿ. ಪಕ್ಕದ ಕೋಣೆಯ ಬಾಗಿಲು ಬಡಿದರೆ ಸಾಕು, ಇಲಿ ಎದ್ದು ಕೂರುತ್ತಿತ್ತು. ಫೋನಿನಲ್ಲಿ ವೈಟ್ ನಾಯ್ಸ್ ಫೈಲೊಂದನ್ನು ರಿಪೀಟ್‌ಗೆ ಹಾಕಿ ಸ್ಪೀಕರ್ ಹಚ್ಚಿದೆ. ಬಾಗಿಲ ಸದ್ದೇನೋ ಮುಚ್ಚಿಹೋಯಿತು, ನಿದ್ದೆ ಮಾತ್ರ ತುಂಡು ತುಂಡು. ಶಬ್ದ ಸಾಲದೇನೋ ಅಂದುಕೊಂಡು ವಾಲ್ಯೂಮ್ ಏರಿಸಿದೆ. ಇನ್ನೂ ಕೆಟ್ಟಿತು.

ಕೊನೆಗೆ ಇಇಜಿ (ಮಿದುಳಿನ ಅಲೆಗಳ ದಾಖಲೆ), ಇಎಂಜಿ (ಸ್ನಾಯುವಿನ ಚಟುವಟಿಕೆಯ ದಾಖಲೆ) ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಗಾಢ ನಿದ್ದೆಯ ಗುರುತಾದ 1ರಿಂದ 4 ಹರ್ಟ್ಸಿನ ದೊಡ್ಡ ಡೆಲ್ಟಾ ಅಲೆಗಳು ಚೆನ್ನಾಗಿ ಬರುತ್ತಿರುತ್ತವೆ, ಇದ್ದಕ್ಕಿದ್ದಂತೆ ಚಪ್ಪಟೆ. ಅದೇ ಗಳಿಗೆಗೆ ಕತ್ತಿನ ಸ್ನಾಯುವಿನ ಇಎಂಜಿ ದಪ್ಪಗಾಗುತ್ತದೆ, ಅಂದರೆ ಇಲಿಗೆ ಎಚ್ಚರ. ಒಂದು ಎಚ್ಚರದಿಂದ ಇನ್ನೊಂದಕ್ಕೆ ಇರುವ ಅಂತರ ಹೆಚ್ಚುಕಮ್ಮಿ ಒಂದೇ. ಇಲಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಅಳೆದು ನೋಡಿದರೆ ಅದು ನನ್ನ ಫೈಲಿನ ಉದ್ದ! ಫೈಲ್ ಮುಗಿದು ಮತ್ತೆ ಶುರುವಾಗುವ ಮುಂಚೆ ಅರೆಕ್ಷಣ ಮೌನ, ಹಿಂದೆಯೇ ಪೂರ್ತಿ ದನಿಯಲ್ಲಿ ಶಬ್ದ. ಒಂದೇ ಸಮನೆ ಬರುವ ಸದ್ದಿಗೆ ಇಲಿ ಒಗ್ಗುತ್ತದೆ, ಥಟ್ಟನೆ ಬದಲಾದರೆ ಬೆಚ್ಚುತ್ತದೆ. ವಾಲ್ಯೂಮ್ ಏರಿಸಿದಷ್ಟೂ ಆ ಜಿಗಿತ ದೊಡ್ಡದು. ಎನ್‌ಆರ್‌ಇಎಂ (ಡೆಲ್ಟಾ ಅಲೆಗಳು ಬರುವ ನಿದ್ದೆ) ದಾಟಿಯೇ ಆರ್‌ಇಎಂ (ಕಣ್ಣುಗುಡ್ಡೆ ಚುರುಕಾಗಿ ಆಡುವ) ನಿದ್ದೆಗೆ ಹೋಗಬೇಕಲ್ಲ, ನಡುವೆಯೇ ಎಬ್ಬಿಸಿದರೆ ಅದು ಬರುವುದಾದರೂ ಹೇಗೆ? ಆರ್‌ಇಎಂ ಸಲುವಾಗಿಯೇ ಮಾಡಿದ್ದ ಅಷ್ಟೂ ರೆಕಾರ್ಡಿಂಗ್ ಕಸಕ್ಕೆ ಹೋಯಿತು. ಗೈಡ್ ಮುಂದೆ ನಿಂತದ್ದನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶಬ್ದ ಇಲಿಯನ್ನು ಮಲಗಿಸುವುದಿಲ್ಲ, ಬೇರೆ ಸದ್ದನ್ನು ಮುಚ್ಚುತ್ತದೆ ಅಷ್ಟೇ. ಮಳೆ, ಸಮುದ್ರ ಎಲ್ಲ ನಮ್ಮ ಕಿವಿಗೆ ಹಿತ. ಅವುಗಳ ಏರಿಳಿತ ಇಲಿಗೆ ಬೇಡವೇ ಬೇಡ. ಹಾಕಲೇಬೇಕೆಂದರೆ ಫೈಲ್ ಬಿಟ್ಟು ನಾಯ್ಸ್ ಜನರೇಟರ್ (ಎಡೆಬಿಡದೆ ಶಬ್ದ ಹೊರಡಿಸುವ ಸಾಧನ) ಬಳಸಿ, ಮೆಲ್ಲಗಿಡಿ, ಇಲಿ ವಾಸಿಸುವ ಪಂಜರದ ಹತ್ತಿರವೂ ದಿನವಿಡೀ ಅದೇ ಶಬ್ದ ಇರಲಿ. ರೆಕಾರ್ಡಿಂಗ್‌ಗೆ ಮಾತ್ರ ಹಚ್ಚಿದರೆ ಅದೇ ಒಂದು ಹೊಸ ಗಲಾಟೆ.

ಅದಕ್ಕೂ ಮುಂಚೆ ನಿಮಗೆ ಕೇಳಿಸದ ಸದ್ದನ್ನು ಹುಡುಕಿ. ನಮ್ಮ ಕಿವಿ 20 ಕಿಲೋಹರ್ಟ್ಸಿಗೆ ನಿಲ್ಲುತ್ತದೆ, ಇಲಿಯದು ಸುಮಾರು 80ರವರೆಗೆ ಹೋಗುತ್ತದೆ. ಅದು ಹೆದರಿ ಕೂಗುವುದೇ 22ರ ಆಸುಪಾಸಿನಲ್ಲಿ. ಮಾನಿಟರ್, ಪವರ್ ಸಪ್ಲೈ, ತೊಟ್ಟಿಕ್ಕುವ ನಲ್ಲಿ, ಕೀರಲು ಚಕ್ರದ ಟ್ರಾಲಿ ಎಲ್ಲವೂ ಅಲ್ಟ್ರಾಸೌಂಡ್ (ನಮ್ಮ ಕಿವಿಯ ಮಿತಿ ಮೀರಿದ ಸದ್ದು) ಹೊರಡಿಸಬಲ್ಲವು. ಮಾಮೂಲಿ ಸ್ಪೀಕರಿನ ವೈಟ್ ನಾಯ್ಸ್ ಅಷ್ಟು ಮೇಲೆ ಹೋಗುವುದೇ ಇಲ್ಲ, ಇನ್ನು ಅವನ್ನು ಮುಚ್ಚುವುದೆಲ್ಲಿ ಬಂತು. ಡೆಸಿಬೆಲ್ ಮೀಟರನ್ನೂ ನಂಬಬೇಡಿ, ಅದನ್ನು ಮಾಡಿರುವುದು ಮನುಷ್ಯರ ಕಿವಿಗೆ. ಅಲ್ಟ್ರಾಸೌಂಡನ್ನು ನಮಗೆ ಕೇಳಿಸುವಂತೆ ಮಾಡುವ ಬಾವಲಿ ಡಿಟೆಕ್ಟರ್ ಸಿಕ್ಕರೆ ಹಿಡಿದು ಕೋಣೆ ಸುತ್ತಿ.

ಇನ್ನೊಂದು, ನೀವು ರೆಕಾರ್ಡ್ ಮಾಡುವುದು ಯಾವ ಹೊತ್ತಲ್ಲಿ? ಇಲಿ ರಾತ್ರಿಯ ಪ್ರಾಣಿ. ಲೈಟ್ ಆರಿದ ಮೇಲೆ ಕೂತು ಮಲಗುತ್ತಿಲ್ಲ ಅನ್ನುತ್ತಿದ್ದರೆ ಯಾವ ಶಬ್ದ ಹಾಕಿಯೂ ಪ್ರಯೋಜನವಿಲ್ಲ.