ಮಧ್ಯಾಹ್ನ ಅಳೆದರೆ ಆಮ್ಲಜನಕ ಭರ್ತಿ, ನಸುಕಿನಲ್ಲಿ ಮೀನು ಸತ್ತು ತೇಲುತ್ತವೆ: ಹುಬ್ಬಳ್ಳಿಯ ಉಣಕಲ್ ಕೆರೆಯಂಥ ಕಡೆ ಹೀಗಾಗುವುದೇಕೆ?

ಅಳೆದ ಹೊತ್ತೇ ತಪ್ಪು. ಚರಂಡಿ ನೀರಿನ ಸಾರಜನಕ, ರಂಜಕ ಉಂಡು ಕೊಬ್ಬಿದ ಪಾಚಿ ಬಿಸಿಲಿದ್ದಾಗ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ತಳದ ರಾಡಿಯ ಬ್ಯಾಕ್ಟೀರಿಯಾ, ಮೀನು ಎಲ್ಲವೂ ಉಸಿರಾಡಿ ಅದನ್ನು ಖಾಲಿ ಮಾಡುತ್ತವೆ. ಹುಬ್ಬಳ್ಳಿಯ ಎತ್ತರದಲ್ಲಿ 30 ಡಿಗ್ರಿಯ ನೀರು ಸಹಜವಾಗಿ ಹಿಡಿಯುವುದು ಲೀಟರಿಗೆ ಸುಮಾರು 7 ಮಿಲಿಗ್ರಾಂ. ಮಧ್ಯಾಹ್ನದ ಅಳತೆ 12 ಮಿಲಿಗ್ರಾಂ ಬಂತೆಂದು ಖುಷಿಪಡಬೇಡಿ, ಅದೇ ರೋಗಲಕ್ಷಣ. 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಾಟ್ಲಾ, ರೋಹುಗಳಿಗೆ ಕಷ್ಟ. ಎರಡು-ಮೂರು ದಿನ ಮೋಡ ಕವಿದರೆ ಅಪಾಯ ಇನ್ನೂ ಹೆಚ್ಚು.

ಅಳೆಯುವುದಾದರೆ ಸೂರ್ಯ ಹುಟ್ಟುವ ಮುಂಚೆ ವಿಂಕ್ಲರ್ ವಿಧಾನದಲ್ಲಿ (ರಾಸಾಯನಿಕ ಬೆರೆಸಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಕ್ರಮ) ಅಳೆಯಿರಿ. 300 ಮಿ.ಲೀ. ಗಾಜಿನ ಬಾಟಲಿಯ ತಳಕ್ಕೆ ರಬ್ಬರ್ ನಳಿಕೆ ಇಳಿಸಿ, ನೀರು ಉಕ್ಕಿ ಹರಿಯುವವರೆಗೆ ತುಂಬಿಸಿ. ಬಕೆಟ್‌ನಿಂದ ಸುರಿದರೆ ಗಾಳಿ ಬೆರೆತು ಲೆಕ್ಕ ಕೆಡುತ್ತದೆ. ಒಂದು ಗುಳ್ಳೆಯೂ ಉಳಿಯಬಾರದು. ದಂಡೆಯ ಮೇಲೆಯೇ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 2 ಮಿ.ಲೀ. ಕ್ಷಾರೀಯ ಅಯೋಡೈಡ್-ಅಜೈಡ್ ಹಾಕಿ, ಮುಚ್ಚಿ, ತಿರುವಿಹಾಕಿ. ಅಜೈಡ್ ಹಾಕದೆ ಬಿಡಬೇಡಿ: ಅದಿಲ್ಲದಿದ್ದರೆ ಚರಂಡಿ ನೀರಿನ ನೈಟ್ರೈಟ್‌ನಿಂದಾಗಿ, ಇಲ್ಲದ ಆಮ್ಲಜನಕವೂ ಇದ್ದಂತೆ ತೋರುತ್ತದೆ. ಕಂದು ಗಷ್ಟು ಬಂದರೆ ಆಮ್ಲಜನಕವಿದೆ. ಅಚ್ಚ ಬಿಳಿಯಾಗಿಯೇ ಉಳಿದರೆ ಇಲ್ಲವೇ ಇಲ್ಲ, ಮುಂದೆ ಹೋಗುವುದೇ ಬೇಡ. ಗಷ್ಟು ಕೂತ ಮೇಲೆ 2 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಮ್ಲ ಹಾಕಿ ಕರಗಿಸಿ (ಕೈಗವಸು ಕಡ್ಡಾಯ). ಅದರಲ್ಲಿ 203 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್ ದ್ರಾವಣ ಹನಿಹನಿಯಾಗಿ ಬಿಡುತ್ತ ಹೋಗಿ. ಬಣ್ಣ ತೆಳು ಹಳದಿಗೆ ಬಂದಾಗ ಪಿಷ್ಟದ ದ್ರಾವಣ ಸೇರಿಸಿ; ನೀಲಿಯಾಗುತ್ತದೆ. ಥಯೋಸಲ್ಫೇಟ್ ಬಿಡುವುದನ್ನು ಮುಂದುವರಿಸಿ, ನೀಲಿ ಹೋಗುತ್ತಲೇ ನಿಲ್ಲಿಸಿ. ಖರ್ಚಾದ ಪ್ರತಿ ಮಿ.ಲೀ. ಥಯೋಸಲ್ಫೇಟ್‌ಗೆ, ಕೆರೆ ನೀರಿನ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ.