ಪಾರ್ಕಿನ್ಸನ್‌ನಿಂದ ಅಮ್ಮನ ಮುಖದಲ್ಲಿ ಭಾವನೆಯೇ ಕಾಣುವುದಿಲ್ಲ, ಮದುವೆ ಮನೆಯಲ್ಲಿ ಹೇಗೆ ನಿಭಾಯಿಸುವುದು?

ನಿಮ್ಮ ತಾಯಿಯವರಿಗೆ ಪಾರ್ಕಿನ್ಸನ್ ಕಾಯಿಲೆ, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ, ಮುಂದಿನ ತಿಂಗಳು ಶಿರಸಿಯಲ್ಲಿ ತಂಗಿಯ ಮದುವೆ, ಅಂಕೋಲಾದಿಂದ ದಿಬ್ಬಣ ಹೋಗುವುದಿದೆ, ಬೀಗರು ‘ಇವರಿಗೆ ಈ ಸಂಬಂಧ ಮನಸ್ಸಿಲ್ಲ’ ಎಂದುಕೊಂಡರೆ ಏನು ಗತಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಕುಮಟಾದಲ್ಲಿ ಬಟ್ಟೆ ಅಂಗಡಿ ನಡೆಸುವವನು, ಇದೇ ಕಾಯಿಲೆಯವನು. ಗಿರಾಕಿಯನ್ನು ಕಂಡು ನಗುವುದರಲ್ಲೇ ಅರ್ಧ ವ್ಯಾಪಾರ ಕುದುರುವ ಕಸುಬಿನಲ್ಲಿ ಮುಖ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಅನುಭವಿಸಿದ್ದೇನೆ. ಇಪ್ಪತ್ತು ವರ್ಷಗಳ ಪರಿಚಯದವರೂ ‘ಏನು, ನಮ್ಮ ಮೇಲೆ ಬೇಸರವೇ?’ ಎಂದು ಕೇಳಿದ್ದಾರೆ. ಕೇಳಿದವರೇ ವಾಸಿ, ಕೇಳದೆ ಬೇರೆ ಅಂಗಡಿಗೆ ಹೋದವರೂ ಇದ್ದಾರೆ.

ಮನೆಯವರು ಮೊದಲು ಮಾಡಬೇಕಾದ ಕೆಲಸ, ಮುಖ ನೋಡಿ ಮನಸ್ಸನ್ನು ಅಳೆಯುವುದನ್ನು ಬಿಡುವುದು. ಬಾಯಿಬಿಟ್ಟು ಕೇಳಿ. ಅವರಿಗೂ ಬಾಯಿಬಿಟ್ಟು ಹೇಳುವ ಅಭ್ಯಾಸವಾಗಲಿ. ನಾನು ಕಂಡ ಪರಿಹಾರಗಳಲ್ಲಿ ಇದರಷ್ಟು ಕೆಲಸ ಮಾಡಿದ್ದು ಮತ್ತೊಂದಿಲ್ಲ.

ಹೀಗೇಕಾಗುತ್ತದೆ ಎಂಬುದು ತಿಳಿದಿದ್ದರೆ ಬೀಗರಿಗೆ ಹೇಳುವುದೂ ಸುಲಭ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಈ ಕಾಯಿಲೆಯಲ್ಲಿ ನಶಿಸುತ್ತವೆ. ಅದು ಕಡಿಮೆಯಾದಾಗ ನಾವು ಯೋಚಿಸದೆ ಮಾಡುವ ಚಲನೆಗಳು ಕುಗ್ಗುತ್ತವೆ: ನಡೆಯುವಾಗ ಕೈ ಬೀಸುವುದು, ರೆಪ್ಪೆ ಮಿಟುಕಿಸುವುದು, ಮಾತು ಕೇಳುತ್ತಾ ಹುಬ್ಬು ಏರಿಸುವುದು, ತಾನಾಗಿ ಮೂಡುವ ನಗು. ಬೇಕೆಂದೇ ತಂದುಕೊಳ್ಳುವ ನಗು ಇದಕ್ಕಿಂತ ಚೆನ್ನಾಗಿ ಉಳಿದಿರುತ್ತದೆ. ಒಳಗೆ ಸಂತೋಷ ಉಕ್ಕುತ್ತಿದ್ದರೂ ಕೆನ್ನೆಗೆ ಅದರ ಸುದ್ದಿ ಮುಟ್ಟುವುದಿಲ್ಲ. ರೆಪ್ಪೆ ಕಡಿಮೆ ಮಿಟುಕುವುದರಿಂದ ದಿಟ್ಟಿಸಿ ನೋಡಿದಂತೆ ಕಾಣುತ್ತದೆ, ಮಕ್ಕಳು ಹೆದರುತ್ತಾರೆ. ಕಣ್ಣೂ ಒಣಗಿ ಉರಿಯುತ್ತದೆ, ಅದಕ್ಕೆ ಹನಿ ಔಷಧವಿದೆ, ಕಣ್ಣಿನ ವೈದ್ಯರನ್ನು ಕೇಳಿ.

ನಮ್ಮ ಕಡೆಯ ತಾಳಮದ್ದಳೆಯನ್ನು ನೀವು ನೋಡಿರುತ್ತೀರಿ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಅರ್ಥಧಾರಿ ಕೌರವನ ಛಲವನ್ನೂ ಕರ್ಣನ ಸಂಕಟವನ್ನೂ ಬರೀ ಮಾತಿನಲ್ಲಿ ಕಟ್ಟಿಕೊಡುತ್ತಾನೆ. ಹವ್ಯಾಸಕ್ಕೆ ನಾನೂ ಅರ್ಥ ಹೇಳಿದವನು. ಈಗ ಅಂಗಡಿಯಲ್ಲೂ ಮನೆಯಲ್ಲೂ ಅದನ್ನೇ ಮಾಡುತ್ತಿದ್ದೇನೆ. ‘ನಿಮ್ಮನ್ನು ನೋಡಿ ಬಹಳ ಖುಷಿಯಾಯಿತು’, ‘ಈ ಮಾತು ಕೇಳಿ ನಗು ಬಂತು’, ‘ಇದು ನನಗೆ ಸರಿ ಕಾಣಲಿಲ್ಲ’ ಎಂದು ನೇರವಾಗಿ ಹೇಳಿಬಿಡುತ್ತೇನೆ. ಮೊದಮೊದಲು ನಾಟಕೀಯ ಅನ್ನಿಸುತ್ತದೆ. ಹೆಂಡತಿಗೆ ಇಷ್ಟು ವರ್ಷ ಹೇಳದೇ ಇದ್ದದ್ದನ್ನೆಲ್ಲ ಈಗ ಹೇಳಬೇಕಾಗಿ ಬಂದಿದೆ, ಅದು ಒಳ್ಳೆಯದೇ ಆಯಿತು.

ಸಂತೋಷ ಮಾತ್ರವಲ್ಲ, ನೋವೂ ಮುಖದಲ್ಲಿ ಕಾಣುವುದಿಲ್ಲ. ನನ್ನ ಹಲ್ಲು ನೋವು ವಿಪರೀತವಾಗಿದ್ದಾಗ ಎದುರಿಗೆ ಕುಳಿತು ಊಟ ಮಾಡುತ್ತಿದ್ದವರಿಗೂ ತಿಳಿಯಲಿಲ್ಲ. ಆದ್ದರಿಂದ ನಿಮ್ಮ ತಾಯಿಯವರನ್ನು ದಿನಕ್ಕೊಮ್ಮೆಯಾದರೂ ‘ಎಲ್ಲಾದರೂ ನೋಯುತ್ತಿದೆಯೇ, ನಿದ್ರೆ ಬಂತೇ, ಮನಸ್ಸು ಹೇಗಿದೆ?’ ಎಂದು ಕೇಳಿ. ಖಿನ್ನತೆಯೂ ಪಾರ್ಕಿನ್ಸನ್‌ನ ಜೊತೆಗೇ ಬರುವುದುಂಟು. ಮುಖ ಸಪ್ಪಗಿದ್ದ ಮಾತ್ರಕ್ಕೆ ಖಿನ್ನತೆ ಎಂದುಕೊಳ್ಳುವುದೂ ತಪ್ಪು, ‘ಅದು ಕಾಯಿಲೆಯ ಮುಖ ಅಷ್ಟೇ’ ಎಂದು ನಿಜವಾದ ಖಿನ್ನತೆಯನ್ನು ಕಡೆಗಣಿಸುವುದೂ ತಪ್ಪು. ಇಷ್ಟಪಡುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಹೋಗಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ, ಬದುಕು ಸಾಕು ಎಂಬ ಮಾತು ಬಂದರೆ ತಡಮಾಡಬೇಡಿ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ವ್ಯಾಯಾಮದಿಂದ ಉಪಯೋಗವಿದೆಯೇ ಎಂದೂ ಕೇಳಿದ್ದೀರಿ. ಇದೆ, ಆದರೆ ಪವಾಡ ನಿರೀಕ್ಷಿಸಬೇಡಿ. ಕನ್ನಡಿಯ ಮುಂದೆ ಹುಬ್ಬು ಏರಿಸುವುದು, ಕಣ್ಣು ಬಿಗಿಯಾಗಿ ಮುಚ್ಚಿ ಅಗಲವಾಗಿ ತೆರೆಯುವುದು, ಗಲ್ಲ ಉಬ್ಬಿಸುವುದು, ಆ, ಈ, ಊ ಎಂದು ಬಾಯನ್ನು ಪೂರ್ತಿ ತೆರೆದು ಗಟ್ಟಿಯಾಗಿ ಹೇಳುವುದು. ನಾನು ಬೆಳಿಗ್ಗೆ ಪತ್ರಿಕೆಯನ್ನು ದೊಡ್ಡ ದನಿಯಲ್ಲಿ ಓದುತ್ತೇನೆ, ಏಕೆಂದರೆ ಮುಖದ ಹಾಗೆ ದನಿಯೂ ತಗ್ಗುತ್ತದೆ, ಮಾತಿನಲ್ಲಿ ಭಾವ ತರಬೇಕಾದವನಿಗೆ ದನಿಯೂ ಹೋದರೆ ಉಳಿಯುವುದೇನು? ಎಲ್‌ಎಸ್‌ವಿಟಿ ಲೌಡ್ ಎಂಬ ಮಾತಿನ ಚಿಕಿತ್ಸೆ ಪಾರ್ಕಿನ್ಸನ್‌ಗೆಂದೇ ರೂಪುಗೊಂಡದ್ದು. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆಯಂತೆ 4 ವಾರ, ಜೊತೆಗೆ ಮನೆಯಲ್ಲಿ ಅಭ್ಯಾಸ. ದನಿ ಏರಿಸುವುದೇ ಅದರ ಗುರಿಯಾದರೂ ಕೆಲವರಲ್ಲಿ ಮುಖಕ್ಕೂ ಸ್ವಲ್ಪ ಜೀವ ಬರುತ್ತದೆ. ಇದನ್ನು ಕಲಿತ ವಾಕ್ ಚಿಕಿತ್ಸಕರು ಹತ್ತಿರದಲ್ಲಿ ಯಾರಿದ್ದಾರೆ ಎಂದು ನಿಮ್ಮ ನರರೋಗ ತಜ್ಞರನ್ನೇ ವಿಚಾರಿಸಿ.

ಇನ್ನು ಮದುವೆಯ ವಿಷಯ. ನನ್ನ ಅಭಿಪ್ರಾಯದಲ್ಲಿ ಮುಚ್ಚಿಡಲೇಬಾರದು. ತಾಯಿಯವರ ಒಪ್ಪಿಗೆ ಪಡೆದು, ಬೀಗರ ಮನೆಯ ಹಿರಿಯರಿಗೆ ಮುಂಚೆಯೇ ತಿಳಿಸಿ: ‘ಅಮ್ಮನಿಗೆ ಪಾರ್ಕಿನ್ಸನ್ ಇದೆ, ನಗು ಮುಖಕ್ಕೆ ಬರುವುದಿಲ್ಲ, ಆದರೆ ಈ ಮದುವೆಗೆ ಅವರಷ್ಟು ಸಂತೋಷಪಟ್ಟವರು ಯಾರೂ ಇಲ್ಲ.’ ಅದು ಹೌದೇ ಎಂದು ಅವರನ್ನೇ ಕೇಳಿಕೊಂಡು ಹೇಳಿ. ವಂಶದ ಕಾಯಿಲೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ತಬ್ಬಿಬ್ಬಾಗಬೇಡಿ. ಹೆಚ್ಚಿನವರಲ್ಲಿ ಇದು ತಂದೆ ತಾಯಿಯಿಂದ ನೇರವಾಗಿ ಬಂದದ್ದಲ್ಲ, ಅಂಟುವ ಕಾಯಿಲೆಯಂತೂ ಅಲ್ಲವೇ ಅಲ್ಲ. ಬೀಗಿತ್ತಿಯ ಕೈ ಹಿಡಿದು ‘ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕಳಿಸುವುದಕ್ಕೆ ನನಗೆ ತುಂಬಾ ಸಮಾಧಾನ’ ಎಂದು ನಿಮ್ಮ ತಾಯಿಯವರೇ ಒಂದು ಮಾತು ಹೇಳಿದರೆ ಮುಖದ ಕೊರತೆ ಅಲ್ಲಿಗೇ ಮುಗಿಯಿತು.

ಫೋಟೋ ತೆಗೆಯುವವರಿಗೂ ಹೇಳಿಡಿ. ‘ನಗಿ, ನಗಿ’ ಎಂದು ಮಂಟಪದಲ್ಲಿ ಕೂಗುವುದು ನಮ್ಮಂಥವರಿಗೆ ದೊಡ್ಡ ಹಿಂಸೆ. ತಂದುಕೊಳ್ಳುವ ನಗುವಿಗೆ ಕೆಲವು ಕ್ಷಣ ಬೇಕು, ಬಹಳ ಹೊತ್ತು ನಿಲ್ಲುವುದೂ ಇಲ್ಲ. ಮೊದಲೇ ಎಚ್ಚರಿಸಿ, ನಗು ಬರುವವರೆಗೆ ಕಾದು, ಬಂದ ತಕ್ಷಣ ತೆಗೆಯಲಿ.

ಆ ದಿನ ಲೆವೊಡೋಪಾ, ಅಂದರೆ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಔಷಧದ, ಮಾತ್ರೆಯ ಹೊತ್ತು ತಪ್ಪದಂತೆ ಒಬ್ಬರು ಜವಾಬ್ದಾರಿ ಹೊರಬೇಕು. ಮಾತ್ರೆಯ ಪ್ರಭಾವ ಇಳಿದಂತೆ ಮುಖವೂ ಬಿಗಿಯುತ್ತದೆ. ಮದುವೆ ಮನೆಯ ಊಟ ಎಷ್ಟು ಹೊತ್ತಿಗೋ ಹೇಳಲಾಗದು, ‘ಊಟವಾದ ಮೇಲೆ ತೆಗೆದುಕೊಂಡರಾಯಿತು’ ಎಂದು ಮುಂದೂಡಬೇಡಿ. ಬೇಳೆ, ಹಾಲು, ಮೊಸರಿನ ಪ್ರೋಟೀನ್ ಕೆಲವರಲ್ಲಿ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ, ವಾಕರಿಕೆ ಬರುವವರಿಗೆ ವೈದ್ಯರು ಬೇರೆ ಹೇಳಿರಬಹುದು. ನೆಂಟರಲ್ಲಿ ಯಾರಾದರೂ ನಸುಗುನ್ನಿ ಬೀಜದ ಪುಡಿ ಸೂಚಿಸಿಯೇ ಸೂಚಿಸುತ್ತಾರೆ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ನಿಜವಾದ್ದರಿಂದಲೇ ಅಪಾಯ, ಮಾತ್ರೆಯ ಮೇಲೆ ಇನ್ನಷ್ಟು ಸೇರಿ ಲೆಕ್ಕ ತಪ್ಪುತ್ತದೆ. ವೈದ್ಯರಿಗೆ ತಿಳಿಸದೆ ಬೇಡ.

ಕೊನೆಯದಾಗಿ ಪ್ರಯಾಣ. ಕುಮಟಾದ ಮೇಲೆ ಹೋಗುವುದಾದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ವಾಂತಿ ಬರುವುದು ಸಹಜ, ಯಾರದೋ ಚೀಲದಿಂದ ವಾಂತಿ ಮಾತ್ರೆ ಹೊರಬರುವುದೂ ಸಹಜ. ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇರುವ ಮಾತ್ರೆಗಳು ಡೋಪಮೈನ್‌ನ ಕೆಲಸವನ್ನೇ ತಡೆದು ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚಿಸುತ್ತವೆ, ನಿಮ್ಮ ತಾಯಿಯವರಿಗೆ ಅವು ಕೂಡದು. ಯಾವುದನ್ನು ಕೊಡಬಹುದೆಂದು ಈ ವಾರವೇ ವೈದ್ಯರಲ್ಲಿ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ದಿಬ್ಬಣದ ಬಸ್ಸಿನಲ್ಲಿ ಅವರ ಪಕ್ಕ ಕೂರುವವರ ಬಳಿ ಇರಲಿ.